ಅಣ್ಣಾಜಿ ಕಾಕಾನ ಕಾಲುಚೀಲ

"ಒಲಿ ಹತ್ರ ಕಾಲಚೀಲಾ? ನನ್ನ ಮಡಿ ಅಡಿಗಿಮನ್ಯಾಗ?"

ಭಾಗೀರಥೀಬಾಯಿ ಕೈಯಲ್ಲಿದ್ದ ಸೌಟನ್ನು ಮೇಲೆತ್ತಿದಳು. ಸೌಟಿನಿಂದ ಸಾರು ತೊಟ್ಟಿಕ್ಕಿತು. ಹೊಸ್ತಿಲ ಆಚೆ ನಿಂತಿದ್ದ ಮೊಮ್ಮಗಳು ನಲಿನಿ ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ತಮ್ಮ, ಐದು ವರ್ಷದ ಸುರೇಶ ಮಾತ್ರ ಸರಿಯಲಿಲ್ಲ. ಅವನ ಎರಡೂ ಕೈಯಲ್ಲಿ ಒಂದೊಂದು ಉದ್ದನೆಯ ಕಾಲುಚೀಲ ತೂಗಾಡುತ್ತಿದ್ದವು.

"ಒಂದ ದಿನ, ಅಜ್ಜಿ! ನಾಳೆ ನಾತಾಳ. ಬಿಳಿ ಗಡ್ಡದ ಅಜ್ಜ ಬರ್ತಾನ. ಅಪ್ಪ ಕೊಟ್ಟಿದ್ದು ತಂದು ಇದರಾಗ ಹಾಕಿ ಹೋಗ್ತಾನ," ಎಂದ.

ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು. "ಎದರದು ಅದು? ಹತ್ತೀದೋ, ಉಣ್ಣೀದೋ?"

ನಲಿನಿಗೆ ಹೋದ ಜೀವ ಬಂತು. "ಉಣ್ಣೀದು ಅಜ್ಜಿ! ಖರೇ ಕುರಿ ಉಣ್ಣಿ! ಒಗದೂ ತಂದೀವಿ!"

ಅಜ್ಜಿಯ ಕಾಯಿದೆ ಸರಳವಾಗಿತ್ತು. ಹತ್ತಿ ಬಟ್ಟೆಯನ್ನು ಯಾರಾದರೂ ಮುಟ್ಟಿದರೆ ಮೈಲಿಗೆ. ಉಣ್ಣೆಯನ್ನು ಯಾರು ಮುಟ್ಟಿದರೂ ಮಡಿ. ಚಳಿಗಾಲದಲ್ಲಿ ಅವಳೇ ಉಣ್ಣೆಯ ಧಾಬಳಿ ಉಟ್ಟು ಅಡಿಗೆ ಮಾಡುತ್ತಿದ್ದಳು. ಕಾಲಿಗೆ ಹಾಕುವ ಉಣ್ಣೆಯ ಬಗ್ಗೆ ಕಾಯಿದೆಯಲ್ಲಿ ಏನೂ ಇರಲಿಲ್ಲ.

"ಉಣ್ಣೀದಾದ್ರ ನಡೀತದ," ಎಂದು ಅಜ್ಜಿ ತೀರ್ಪು ಕೊಟ್ಟಳು. "ಆ ಮೂಲಿ ಗೂಟಕ್ಕ ಹಾಕು. ಹಾಲಿನ ಮ್ಯಾಲ ನೆರಳ ಬೀಳಬಾರದು."

ಆ ವರ್ಷ ಇಡೀ ಹಾವೇರಿಯಲ್ಲಿ ಹನ್ನೊಂದೇ ಕಾಲುಚೀಲಗಳಿದ್ದವು. ಹನ್ನೊಂದನೆಯದು ಹೆಡ್‌ಮಾಸ್ತರರದು. ಅದರ ಜೋಡಿಯನ್ನು ಇಲಿಯೊಂದು ಒಯ್ದಿತ್ತು. ಉಳಿದ ಹತ್ತರಲ್ಲಿ ಎರಡು ಅಣ್ಣಾಜಿ ಕಾಕಾನವು. ಮಕ್ಕಳ ಚಿಕ್ಕಪ್ಪನಾದ ಕಾಕಾ ಕಚೇರಿಯಲ್ಲಿ ಗುಮಾಸ್ತ. ಕಾಲುಚೀಲಗಳನ್ನು ಟ್ರಂಕಿನಲ್ಲಿ, ಬೇವಿನೆಲೆಯ ನಡುವೆ ಮಲಗಿಸಿ ಇಟ್ಟಿದ್ದ. ಅವು ಟ್ರಂಕಿನಿಂದ ಎದ್ದುಬಂದದ್ದು ಅವನಿಗೆ ಇನ್ನೂ ಗೊತ್ತಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಒಂದು ಪತ್ರ.

ನಲಿನಿಯ ಅಪ್ಪ ರಘೋತ್ತಮ ಓದಲು ಲಂಡನ್ನಿಗೆ ಹೋಗಿ ಎರಡು ವರ್ಷವಾಗಿತ್ತು. ಅವನು ಹೋದಾಗ ಸುರೇಶನಿಗೆ ಮೂರು ವರ್ಷ. ಈಗ ಸುರೇಶನಿಗೆ ಅಪ್ಪನ ಮುಖ ನೆನಪಿರಲಿಲ್ಲ. ಅಪ್ಪನ ಕೊಡೆ ನೆನಪಿತ್ತು.

ಅಪ್ಪನ ಪತ್ರ ಬಂದರೆ ಮೊದಲು ಅವ್ವ ಅನಸೂಯಾಬಾಯಿ ದೇವರ ಕೋಣೆಯಲ್ಲಿ ಕೂತು ಒಬ್ಬಳೇ ಓದುತ್ತಿದ್ದಳು. ಆಮೇಲೆ ನಲಿನಿ ಎಲ್ಲರಿಗೂ ಗಟ್ಟಿಯಾಗಿ ಓದಬೇಕು. ನಲಿನಿ ಓದುವುದರಲ್ಲಿ ಜಾಣೆ. ಪತ್ರದಲ್ಲಿ ಇಲ್ಲದ್ದನ್ನೂ ಓದುತ್ತಿದ್ದಳು. ಅಪ್ಪ 'ಇಲ್ಲಿ ಚಳಿ ಹೆಚ್ಚು' ಎಂದು ಬರೆದರೆ, ಇವಳು 'ಇಲ್ಲಿ ಎಮ್ಮೆ ಹಿಂಡಿದರೆ ಐಸ್ ಬೀಳುತ್ತದೆ' ಎಂದು ಓದುವಳು. ಅವ್ವ ಸೆರಗಿನಲ್ಲಿ ನಗುವಳು.

ಈ ಸಲ ಅಪ್ಪ ನಾತಾಳದ, ಅಂದರೆ ಕ್ರಿಸ್‌ಮಸ್ ಹಬ್ಬದ ಬಗ್ಗೆ ಬರೆದಿದ್ದ. ಅಲ್ಲಿ ಮನೆಯೊಳಗೇ ಒಂದು ಗಿಡ ತಂದು ನಿಲ್ಲಿಸುತ್ತಾರಂತೆ. ಮಕ್ಕಳು ಒಲೆಯ ಹತ್ತಿರ ಕಾಲುಚೀಲ ತೂಗುಹಾಕುತ್ತಾರಂತೆ. ಬಿಳಿ ಗಡ್ಡದ ಅಜ್ಜ ಬಂದು ಅದನ್ನು ತುಂಬಿ ಹೋಗುತ್ತಾನಂತೆ. ಸುರೇಶ ಬಾಯಿ ತೆರೆದು ಕೇಳುತ್ತಿದ್ದ. ಆ ಬಾಯಿ ನೋಡಿ ನಲಿನಿಗೆ ಹುಮ್ಮಸ್ಸು ಬಂತು. ಓದಿಯೇಬಿಟ್ಟಳು: 'ಈ ವರ್ಷ ಆ ಅಜ್ಜ ಹಾವೇರಿಗೂ ಬರುತ್ತಾನೆ. ನಾನೇ ಅಡ್ರೆಸ್ ಕೊಟ್ಟಿದ್ದೇನೆ.'

ಆಮೇಲೆ ಒಂದು ಸಾಲನ್ನು ಬಿಟ್ಟಳು. ಆ ಸಾಲು ಅವಳಿಗೆ ಇಷ್ಟವಾಗಲಿಲ್ಲ.

ಸುರೇಶ ಅಡ್ರೆಸ್ಸಿನ ಸುದ್ದಿಯನ್ನು ಇಡೀ ಓಣಿಗೆ ಹೇಳಿಬಂದ. ದಿನಾ ಬೆಳಿಗ್ಗೆ ಎದ್ದು, "ಅಜ್ಜ ಇವತ್ತು ಎಲ್ಲಿಗೆ ಬಂದಿರ್ತಾನ, ಅಕ್ಕಾ?" ಎಂದು ಕೇಳತೊಡಗಿದ. ನಲಿನಿ ದಿನ ಎಣಿಸತೊಡಗಿದಳು. ನಾತಾಳದ ಬೆಳಿಗ್ಗೆ ಕಾಲುಚೀಲ ಖಾಲಿ ಇದ್ದರೆ? ಸುಳ್ಳು ಹೇಳಿದವಳು ನಲಿನಿ. ಸುಳ್ಳುಗಾರನಾಗುವವನು ಅಪ್ಪ.

ಅದಕ್ಕೇ ಅವಳು ಒಂದು ಗೋಲಿಯನ್ನೂ ಹೊಸ ಬಳಪವನ್ನೂ ಬಚ್ಚಿಟ್ಟಿದ್ದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಕಾಲುಚೀಲಕ್ಕೆ ಹಾಕಿಬಿಡಬೇಕು.

ಆದರೆ ಬೆಳಿಗ್ಗೆ ಅವಳಿಗಿಂತ ಮೊದಲು ಸುರೇಶ ಎದ್ದಿದ್ದ. ಅವನಿಗಿಂತ ಮೊದಲು ಅಜ್ಜಿ ಎದ್ದಿದ್ದಳು.

"ಅಕ್ಕಾ! ತುಂಬ್ಯಾವ! ಎರಡೂ ತುಂಬ್ಯಾವ!"

ನಲಿನಿ ಎದ್ದು ಓಡಿದಳು. ಹೌದು, ಕಾಲುಚೀಲಗಳು ಬಾತುಕೊಂಡು ನಿಂತಿದ್ದವು. ಸುರೇಶ ಮೊಣಕೈವರೆಗೂ ಕೈ ಹಾಕಿ, ಹಿಡಿತುಂಬ ಹೊರಗೆಳೆದ. ಬ್ಯಾಡಗಿ ಮೆಣಸಿನಕಾಯಿ!

"ಅಪ್ಪ ಮೆಣಸಿನಕಾಯಿ ಕಳಿಸ್ಯಾನ?"

"ಅಯ್ಯ, ಅವನ್ಯಾಕ ಕಳಸ್ತಾನೋ?" ಎಂದಳು ಅಜ್ಜಿ. ಖಾಲಿ ಚೀಲ, ಖಾಲಿ ಡಬ್ಬಿ ಕಂಡರೆ ಅವಳಿಗೆ ಸಮಾಧಾನವಿರುತ್ತಿರಲಿಲ್ಲ. "ಮಾಳಗಿ ಮ್ಯಾಲ ಒಣಗಿಸಿದ್ದು ಮಂಜಿಗೆ ಮೆತ್ತಗಾಗ್ತಿದ್ವು. ಗಡಿಗಿ ಎಲ್ಲಾ ತುಂಬಿದ್ವು. ಇಲ್ಲಿ ನೋಡಿದ್ರ ಮಡೀ ಚೀಲ, ಒಲಿ ಹತ್ರ, ಬೆಚ್ಚಗ. ಒತ್ತಿ ಒತ್ತಿ ತುಂಬೀನಿ!"

ಸುರೇಶ ಕೈಯಿಂದ ಕಣ್ಣು ಒರೆಸಿಕೊಂಡ. ಅದು ಮೆಣಸಿನಕಾಯಿ ಹಿಡಿದ ಕೈ.

ಮುಂದಿನ ಹತ್ತು ನಿಮಿಷ ಅವನು ಕೂಗಿದ್ದು ಪಕ್ಕದೂರು ಅಗಡಿಯವರೆಗೆ ಕೇಳಿಸಿತು. ಅಲ್ಲಿಯ ಎತ್ತುಗಳು ಮೇವು ಬಿಟ್ಟು ತಲೆಯೆತ್ತಿ ನೋಡಿದವಂತೆ.

ಈ ಗದ್ದಲದಲ್ಲಿ ಅಣ್ಣಾಜಿ ಕಾಕಾ ಒಂದು ಕಾಲಿಗೆ ಬೂಟು ಹಾಕಿಕೊಂಡು ಕುಂಟುತ್ತ ಬಂದ.

"ನನ್ನ ಕಾಲಚೀಲ ಎಲ್ಲಿ? ರೈಲು ಬರೂ ಹೊತ್ತಾತು! ರಾಣೇಬೆನ್ನೂರ ಬಂಗಲೇಕ್ಕ ಸಾಹೇಬ ಬಂದಾನ. ಹಣ್ಣು, ಹಾರ ಒಯ್ದು ಕೊಡಬೇಕು. ಬರೇಗಾಲಿಗೆ ಬೂಟು ಹಾಕ್ಕೊಂಡು ಹೋದ್ರ ಏನಂದಾನು ಅಂವ?"

ಆಗ ಗೂಟ ಕಂಡಿತು. ಕಾಕಾ ಕಾಲುಚೀಲಗಳನ್ನು ಕಿತ್ತು, ತಲೆಕೆಳಗಾಗಿ ಝಾಡಿಸಿದ. ಮೆಣಸಿನಕಾಯಿ ಬಿದ್ದವು. ಬೀಜ ಮತ್ತು ಪುಡಿ ಉಣ್ಣೆಯಲ್ಲೇ ಉಳಿದವು.

"ಕಾಕಾ, ತೊಳದು ಕೊಡ್ಲೇನು?" ಎಂದಳು ನಲಿನಿ ಸಣ್ಣ ದನಿಯಲ್ಲಿ.

"ರೈಲು ಏನು ನಿಮ್ಮ ಮಾವಂದೇನು, ನಿಂತು ಕಾಯಲಿಕ್ಕೆ?" ಕಾಕಾ ಅವನ್ನು ಮೊಣಕಾಲವರೆಗೆ ಎಳೆದುಕೊಂಡ.

ಸುರೇಶ ಓಡಿಬಂದು ಅವನ ಕಾಲು ತಬ್ಬಿಕೊಂಡ. "ನಾನೂ ಬರ್ತೀನಿ! ಅಜ್ಜಗ ರೈಲು ತಪ್ಪಿರಬೇಕು. ಇನ್ನಾ ಬರ್ತಾನ ಅಂವ. ಕಾಲಚೀಲ ಎಲ್ಲಿ ಹೋಗ್ತಾವ, ನಾನೂ ಅಲ್ಲೇ!"

ಎಷ್ಟು ಬಿಡಿಸಿದರೂ ಬಿಡಲಿಲ್ಲ. ಕೊನೆಗೆ ಕಾಕಾ ಸುರೇಶನನ್ನು ಕಾಲಿಗೆ ಕಟ್ಟಿಕೊಂಡೇ ಸ್ಟೇಷನ್ನಿಗೆ ನಡೆದ. ಅವನನ್ನು ನೋಡಿಕೊಳ್ಳಲು ನಲಿನಿಯೂ ಹೊರಟಳು. ಅಜ್ಜಿ ನಾಲ್ಕು ಶೇಂಗಾ ಉಂಡಿ ಕಟ್ಟಿಕೊಟ್ಟಳು. ಪೇಟೆಯ ಹಾರಗಾರ ಮಹಮ್ಮದಗೌಸ ಕಟ್ಟಿದ ಏಲಕ್ಕಿ ಹಾರವನ್ನು ಹಿಡಿಯುವ ಕೆಲಸ ನಲಿನಿಗೆ ಬಂತು.

ರೈಲು ಹೊರಟಿತು. ಕಾಕಾ ಸ್ವಲ್ಪ ಹೊತ್ತಿಗೆ, "ಇವತ್ತೇನು ಕಾಲು ಭಾಳ ಬೆಚ್ಚಗ ಆವಲ್ಲ!" ಎಂದು ಸಂತೋಷಪಟ್ಟ. ಬ್ಯಾಡಗಿ ಸ್ಟೇಷನ್ ಬಂದಾಗ ಸಂತೋಷ ಕಡಿಮೆಯಾಗಿತ್ತು. ಅಲ್ಲಿ ಮೆಣಸಿನಕಾಯಿ ಚೀಲಗಳ ರಾಶಿ ಬಿದ್ದಿತ್ತು. ರೈಲಿನ ಡಬ್ಬಿಯಲ್ಲಿದ್ದವರೆಲ್ಲ ಸೀನಿದರು. ಇಂಜಿನ್ನೂ ಎರಡು ಸಲ ಸೀನಿತು. ಕಾಕಾ ಕಾಲನ್ನು ಕಾಲಿಗೆ ತಿಕ್ಕತೊಡಗಿದ.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರು ಅದನ್ನು ಬರೀ ಬಾಯಲ್ಲಿ ಹಾಕಿಕೊಂಡು ನೋಡಿರುತ್ತಾರೆ.

ರಾಣೇಬೆನ್ನೂರಿನ ಬಂಗಲೆಗೆ ಬಂದಾಗ ಸಾಹೇಬ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ದೊರೆಸಾನಿ. ಮೆಟ್ಟಿಲ ಮೇಲೆ ಹಳದಿ ಕೂದಲಿನ ಅವರ ಮಗಳು, ಸುರೇಶನಿಗಿಂತ ತುಸು ದೊಡ್ಡವಳು. ಮುಂದಿನ ಎರಡು ಹಲ್ಲು ಇರಲಿಲ್ಲ.

ನಲಿನಿ ಬೆರಗಾಗಿ ನೋಡಿದಳು. ಬಕೀಟಿನಲ್ಲಿ ಮಣ್ಣು ತುಂಬಿ ಒಂದು ಜಾಲಿ ಟೊಂಗೆ ನಿಲ್ಲಿಸಿದ್ದರು. ಅದಕ್ಕೆ ಬಣ್ಣದ ಕಾಗದ ಕಟ್ಟಿದ್ದರು. ಬಾಗಿಲ ಚಿಲಕಕ್ಕೆ ಒಂದು ಪುಟ್ಟ ಕೆಂಪು ಕಾಲುಚೀಲ ತೂಗುತ್ತಿತ್ತು, ಹೊಟ್ಟೆ ತುಂಬಿ. ಅಪ್ಪ ಬರೆದದ್ದೆಲ್ಲ ಅಲ್ಲೇ ಇತ್ತು. ಗಿಡ ಮಾತ್ರ ನಮ್ಮೂರಿನದು.

"ಗುಡ್ ಮಾರ್ನಿಂಗ್ ಸರ್," ಎಂದು ಕಾಕಾ ಹಣ್ಣಿನ ಬುಟ್ಟಿ ಹಿಡಿದು ಬಗ್ಗಿದ. ಬಗ್ಗಿದವನು ಹಾಗೇ ಮೇಲಕ್ಕೆ ಹಾರಿದ.

ಎಡಗಾಲ ಮೇಲೆ ಮೂರು ಸಲ. ಬಲಗಾಲ ಮೇಲೆ ಮೂರು ಸಲ. ಆಮೇಲೆ ಎರಡೂ ಕಾಲ ಮೇಲೆ, ಲೆಕ್ಕವಿಲ್ಲದಷ್ಟು. ಬುಟ್ಟಿಯಿಂದ ಮೂಸಂಬಿಗಳೂ ಹಾರಿದವು. ಒಂದನ್ನು ಸಾಹೇಬ ಕ್ಯಾಚ್ ಹಿಡಿದ.

"ವಂಡರ್‌ಫುಲ್!" ಎಂದು ಸಾಹೇಬ ಚಪ್ಪಾಳೆ ತಟ್ಟಿದ. ಹಲ್ಲಿಲ್ಲದ ಹುಡುಗಿ ಕಿರುಚುತ್ತ ಬಂದು ಕಾಕಾನ ಪಕ್ಕದಲ್ಲಿ ತಾನೂ ಕುಣಿಯತೊಡಗಿದಳು. ಸುರೇಶ ಸುಮ್ಮನಿರುತ್ತಾನೆಯೇ? ಅವನೂ ಕುಣಿದ. ತೋಟದ ಮಾಲಿ ಮೈಲಪ್ಪ ನೀರಿನ ಕೊಡ ಇಟ್ಟು ನೋಡಿದ. "ಸಾಹೇಬ್ರ ಮುಂದ ಎಲ್ಲಾರೂ ಕುಣ್ಯಾಕತ್ತಾರ. ನಾ ಒಬ್ಬನ ನಿಂತ್ರ ಛಲೋ ಅಲ್ಲ," ಎಂದು ರುಮಾಲು ಬಿಗಿದುಕೊಂಡು ಅವನೂ ಸೇರಿದ.

"ವಾಟ್ ಈಸ್ ದಿಸ್ ಡ್ಯಾನ್ಸ್?" ಎಂದು ಸಾಹೇಬ ಕೇಳಿದ.

"ನಮ್ಮ ಕಡೆ... ಕಸ್ಟಮ್, ಸರ್!" ಎಂದು ಕೂಗುತ್ತ ಕಾಕಾ ಬಾವಿಯ ಕಡೆ ಓಡಿದ. ಸಾಹೇಬ ಅದನ್ನು ಪುಸ್ತಕದಲ್ಲಿ ಬರೆದುಕೊಂಡ. ಮುಂದಿನ ವರ್ಷ ಹಣ್ಣು ತಂದ ಹನ್ನೆರಡು ಗುಮಾಸ್ತರೂ ಕುಣಿಯಬೇಕಾಯಿತು.

ಬಾವಿಕಟ್ಟೆಯ ಮೇಲೆ ಮೈಲಪ್ಪ ನೀರು ಸುರಿದ. ಕಾಕಾನ ಕಾಲು ಮದುವಣಗಿತ್ತಿಯ ಕಾಲಿನಂತೆ ಕೆಂಪಾಗಿದ್ದವು. ನಲಿನಿ ಕಾಲುಚೀಲಗಳನ್ನು ಏಳು ಸಲ ತೊಳೆದು, ವರಾಂಡದ ಹಗ್ಗಕ್ಕೆ ಒಣಹಾಕಿದಳು. ಕುಣಿದು ದಣಿದ ಸುರೇಶ ಅದರ ಕೆಳಗೇ ಕೂತ. "ನಾ ಕಾಯ್ತೀನಿ," ಎಂದವನು ಎರಡೇ ನಿಮಿಷಕ್ಕೆ ನಿದ್ದೆ ಹೋದ. ಉರಿದ ಕಣ್ಣು ಇನ್ನೂ ಊದಿಕೊಂಡಿದ್ದವು.

ನಲಿನಿ ಕಂಬದ ಹಿಂದೆ ನಿಂತು ಲಂಗದ ಕಿಸೆಗೆ ಕೈ ಹಾಕಿದಳು. ಗೋಲಿ, ಬಳಪ ಎರಡೂ ಮನೆಯಲ್ಲೇ ಉಳಿದಿದ್ದವು. ಸಿಕ್ಕಿದ್ದು ಅಪ್ಪನ ಪತ್ರ ಒಂದೇ. ಇವನು ಏಳುತ್ತಾನೆ. ಕಾಲುಚೀಲ ನೋಡುತ್ತಾನೆ. ಆಗ ಏನು ಹೇಳುವುದು?

ಹೆಜ್ಜೆಯ ಸದ್ದಾಯಿತು. ಹಳದಿ ಕೂದಲಿನ ಹುಡುಗಿ ಬಂದಿದ್ದಳು. ಹಗ್ಗದ ಮೇಲಿನ ಕಾಲುಚೀಲಗಳನ್ನು ನೋಡಿದಳು. ಕೆಳಗೆ ಮಲಗಿದ ಸುರೇಶನನ್ನು ನೋಡಿದಳು. ಮತ್ತೆ ಕಾಲುಚೀಲಗಳನ್ನು ನೋಡಿದಳು. ನಾತಾಳದ ದಿನ, ತೂಗುತ್ತಿರುವ ಕಾಲುಚೀಲ, ಖಾಲಿ! ಅವಳ ಮುಖದಲ್ಲಿ ಥೇಟ್ ಭಾಗೀರಥೀಬಾಯಿಯ ಗಾಬರಿ ಕಂಡಿತು.

ಬಾಗಿಲಿಗೆ ಓಡಿ, ತನ್ನ ಕೆಂಪು ಕಾಲುಚೀಲದಲ್ಲಿ ಕೈಯಾಡಿಸಿದಳು. ಒಂದು ತಗಡಿನ ಸೀಟಿ. ಎರಡು ಅಕ್ರೋಡು. ಬಣ್ಣದ ಗುಂಡಿಗಳ ಒಂದು ಸರ. ಸೀಟಿಯನ್ನು ಮಾತ್ರ ಒಂದು ಕ್ಷಣ ಕೈಯಲ್ಲೇ ಹಿಡಿದು ನಿಂತಳು. ಸಣ್ಣಗೆ ಒಂದೇ ಸಲ ಊದಿದಳು. ಆಮೇಲೆ ತುದಿಗಾಲ ಮೇಲೆ ನಿಂತು ಎಲ್ಲವನ್ನೂ ಕಾಕಾನ ಒದ್ದೆ ಕಾಲುಚೀಲಕ್ಕೆ ಹಾಕಿದಳು.

ತಿರುಗಿದಾಗ ನಲಿನಿ ಕಂಡಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹುಡುಗಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕು ಒಳಗೆ ಓಡಿಹೋದಳು.

ಕೆಂಪು ಕಾಲುಚೀಲದ ಹೊಟ್ಟೆ ಈಗ ಬೆನ್ನಿಗೆ ಹತ್ತಿತ್ತು. ನಲಿನಿ ಅದನ್ನು ನೋಡಿದಳು. ಆಮೇಲೆ ಅಜ್ಜಿಯ ಗಂಟು ಬಿಚ್ಚಿ, ನಾಲ್ಕೂ ಶೇಂಗಾ ಉಂಡಿಗಳನ್ನು ಅದರೊಳಗೆ ಇಳಿಬಿಟ್ಟಳು.

ಹಿಂದಿರುಗುವ ರೈಲಿನಲ್ಲಿ ಕಾಕಾ ಬರಿಗಾಲನ್ನು ಎದುರಿನ ಬೆಂಚಿನ ಮೇಲೆ ಇಟ್ಟುಕೊಂಡು ಕೂತಿದ್ದ. ಸುರೇಶ ಸೀಟಿ ಊದಿ ಊದಿ ಎರಡು ಸಲ ರೈಲು ನಿಲ್ಲಿಸಿದ್ದ. ಮೂರನೆಯ ಸಲ ಗಾರ್ಡ್ ಬಂದು ಕೈಮುಗಿದ. ಆಗ ಸೀಟಿಗೆ ವಿರಾಮ ಸಿಕ್ಕಿತು.

"ಅಕ್ಕಾ, ಅಜ್ಜನ್ನ ನೀ ನೋಡಿದ್ಯಾ?"

"ನೋಡಿದೆ."

"ಗಡ್ಡ ಎಷ್ಟುದ್ದ ಇತ್ತು?"

ನಲಿನಿಯ ನಾಲಿಗೆಯ ತುದಿಗೆ ಮೊಣಕಾಲುದ್ದದ ಗಡ್ಡ ಬಂದಿತ್ತು. ಅದನ್ನು ನುಂಗಿದಳು.

"ಗಡ್ಡ ಇರಲಿಲ್ಲ. ಮುಂದಿನ ಎರಡು ಹಲ್ಲು ಬಿದ್ದಿದ್ವು."

"ಅಜ್ಜ ಅಂದಮ್ಯಾಲ ಹಲ್ಲು ಬಿದ್ದಿರ್ತಾವ," ಎಂದು ಸುರೇಶ ಒಪ್ಪಿಕೊಂಡ. ಅಕ್ರೋಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ. "ಅಕ್ಕಾ, ಅಪ್ಪನ ಕಾಲಚೀಲ ಯಾರು ತುಂಬ್ತಾರ? ಅಲ್ಲಿ ಅಂವ ಒಬ್ಬನ ಇದ್ದಾನಲ್ಲ?"

ನಲಿನಿ ಕಿಸೆಯಿಂದ ಪತ್ರ ತೆಗೆದಳು. ಬಿಟ್ಟಿದ್ದ ಸಾಲಿನ ಮೇಲೆ ಬೆರಳಿಟ್ಟಳು. ಅಂದು ಅದನ್ನು ನೋಡಿ ಅವಳಿಗೆ ಎಂಥ ಸಿಟ್ಟು ಬಂದಿತ್ತು! ಯಾವಳವಳು, ನಮ್ಮ ಅಪ್ಪನ ಬಾಗಿಲಿಗೆ ಕಾಲುಚೀಲ ಕಟ್ಟಲಿಕ್ಕೆ?

ಈಗ ನಿಧಾನವಾಗಿ, ಇದ್ದದ್ದು ಇದ್ದಂತೆ ಓದಿದಳು:

"'ನಾನಿರುವ ಮನೆಯವರ ಸಣ್ಣ ಮಗಳು, ನನ್ನ ಬಾಗಿಲಿಗೂ ಒಂದು ಕಾಲುಚೀಲ ಕಟ್ಟುತ್ತೇನೆ ಅಂದಿದ್ದಾಳೆ. ನಾನು ಬೇಡವೆನ್ನಲಿಲ್ಲ.'"

"ಆಮ್ಯಾಲ?"

"ಇಷ್ಟ ಅದ."

"ಮತ್ತ ಇದನ್ನ ಆವತ್ತ ಯಾಕ ಓದಲಿಲ್ಲ?"

"ಕಾಗದದ ಮಡಿಕ್ಯಾಗ ಇತ್ತು," ಎಂದಳು ನಲಿನಿ.

ಬ್ಯಾಡಗಿ ಸ್ಟೇಷನ್ ಬಂತು. ಎಲ್ಲರೂ ಸೀನಿದರು.