ಐದು ದೀಪದ ಪೆಟ್ಟಿಗೆ

"ನನ್ನ ಕೈಯಾರೆ ಒಬ್ಬರ ಮನೆ ಹಾಳು ಮಾಡಿಬಿಟ್ಟೆ ಟೀಚರ್," ಎನ್ನುತ್ತಾ ಸಿರಿ ಜಗಲಿಯ ಮೇಲೆ ಕುಸಿದು ಕೂತಳು. ತೊಡೆಯ ಮೇಲೊಂದು ಬ್ಯಾಗು. ಅದನ್ನು ಎರಡೂ ಕೈಯಿಂದ ಅದುಮಿ ಹಿಡಿದಿದ್ದಳು.

ಇಂದ್ರೇಶನಿಗೆ ಆಗಲೇ ಇದು ಸರಿ ಕಾಣಲಿಲ್ಲ. ಹಳೇಬೀಡಿನ ಕಾಂಚನಮಾಲಾ ಟೀಚರ ಮನೆಗೆ ಯಾರಾದರೂ ಬೆಳಬೆಳಗ್ಗೆ ಹೀಗೆ ಬಂದು ಕೂತರೆ ಅವನ ಓಮ್ನಿಗೆ ಆವತ್ತು ಬೇರೆ ಬಾಡಿಗೆ ಇಲ್ಲವೆಂದೇ ಅರ್ಥ. ವಿಜ್ಞಾನ ಪಾಠ ಹೇಳಿ ನಿವೃತ್ತರಾದ ಟೀಚರು ಈಗ ಸುತ್ತೂರಿನ ಕಳವು, ಮೋಸಗಳ ಗಂಟು ಬಿಡಿಸುತ್ತಿದ್ದರು. ಒಂದು ಕಾಲದಲ್ಲಿ ಅವರಿಂದ ಕಿವಿ ಹಿಂಡಿಸಿಕೊಂಡ ಇಂದ್ರೇಶನೇ ಅವರಿಗೆ ಡ್ರೈವರು, ಅವನೇ ಬಲಗೈ. ಯಾವ ಪುಂಡನಿಗೂ ಹೆದರದ ಆಸಾಮಿ ಹೆದರುತ್ತಿದ್ದುದು ಒಂದಕ್ಕೇ. ಹಾಳಾದ್ದು, ಸಿರಿ ಅದರ ಹೆಸರನ್ನೇ ಎತ್ತಿದಳು.

"ಇದು ದೆವ್ವ ಹಿಡಿಯೋ ಪೆಟ್ಟಿಗೆ," ಎಂದು ಬ್ಯಾಗಿನಿಂದ ಹೊರತೆಗೆದಳು.

ಸಿರಿಯದು ಅರಸೀಕೆರೆಯಲ್ಲಿ ಮಿಕ್ಸಿ, ಟಿವಿ ರಿಪೇರಿ ಅಂಗಡಿ. ಟಿವಿಯಲ್ಲಿ ದೆವ್ವ ಹುಡುಕುವವರು ಕೈಯಲ್ಲಿ ಹಿಡಿದು ತಿರುಗುವ ಐದು ದೀಪದ ಪೆಟ್ಟಿಗೆ ಕಂಡು ಹುಚ್ಚು ಹತ್ತಿತ್ತು. ಹಳೇ ರೇಡಿಯೊ ಡಬ್ಬದಲ್ಲಿ ಅದರ ತದ್ರೂಪನ್ನೇ ಮಾಡಿಬಿಟ್ಟಿದ್ದಳು.

"ಬರೀ ಆಟದ ಸಾಮಾನಲ್ಲ ಟೀಚರ್, ನಿಜವಾಗ್ಲೂ ಕೆಲಸ ಮಾಡುತ್ತೆ. ಕರೆಂಟಿರೋ ತಂತಿ ಹತ್ತಿರ ಹಿಡಿದ್ರೆ ದೀಪ ಒಂದೊಂದೇ ಹತ್ಕೊಳ್ಳುತ್ತೆ. ಪಕ್ಕದ ಈ ಬಟನ್ ಮಾತ್ರ ಶೋಕಿಗೆ. ಟಿವೀಲಿ ಇತ್ತು ಅಂತ ಅಂಟಿಸಿದ್ದು, ಒಳಗೆ ಏನೂ ಇಲ್ಲ. ಕೇಳಿದೋರಿಗೆಲ್ಲ ಅದನ್ನ ಹೇಳ್ಕೊಂಡು ಕೂರಲಿಲ್ಲ."

"ಅಂಗಡೀಲಿ ಇಟ್ಕೊಳ್ಳೋದು ಬಿಟ್ಟು ಯಾರಿಗೆ ಕೊಟ್ಟೆ ತಾಯಿ?" ಎಂದ ಇಂದ್ರೇಶ.

ಕೊಟ್ಟಿದ್ದು ಅರಸೀಕೆರೆ ಪಕ್ಕದ ತೆಂಗಿನ ತೋಟದ ಕಲ್ಲೇಶಪ್ಪನವರ ಮಗ ಉದಯಕುಮಾರನಿಗೆ. ಆ ಮನೆಯಲ್ಲಿ ಕಲ್ಲೇಶಪ್ಪನವರ ತಂಗಿ ರುದ್ರಮ್ಮ ಇದ್ದರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಇಪ್ಪತ್ತು ವರ್ಷ. ತಾಯಿ ಇಲ್ಲದ ಉದಯನನ್ನು ಎತ್ತಿ ಆಡಿಸಿದವರು ಅವರೇ. ಈಚೆಗೆ ಅವರ ಕೋಣೆಯ ಮೇಲಿನ ಅಟ್ಟದಿಂದ ಲೊಟಲೊಟ ಸದ್ದು. ಹತ್ತಿ ನೋಡಿದರೆ ಯಾರೂ ಇಲ್ಲ. ಉದಯ ಪೆಟ್ಟಿಗೆ ಹಿಡಿದು ಪರೀಕ್ಷೆ ಮಾಡಿದ. ರುದ್ರಮ್ಮನ ಕೋಣೆಯ ಗೋಡೆಗೆ ಹಿಡಿದಿದ್ದೇ ತಡ, ಐದೂ ದೀಪ ಭಗ್ ಅಂತ ಹತ್ತಿದವು. ಮುಂದಿನ ಕೋಣೆಯ ಬಾಡಿಗೆದಾರ ಕಿರಣ್ ಅದನ್ನು ವಿಡಿಯೊ ಮಾಡಿ ಊರಿಗೆಲ್ಲ ಹಂಚಿದ. ಅದನ್ನು ಕಂಡ ಸಿರಿ ಓಡಿಹೋಗಿ ಪೆಟ್ಟಿಗೆ ವಾಪಸು ಇಸಕೊಂಡಿದ್ದಳು.

"ರುದ್ರಮ್ಮನಿಗೇ ಗಾಳಿ ಮೆಟ್ಟಿದೆ ಅಂತ ಇವತ್ತು ಅರೇಹಳ್ಳಿಯ ಗಂಡನ ಕಡೆಯೋರ ಹತ್ರ ಬಿಟ್ಟು ಬರ್ತಾರಂತೆ. ಅಲ್ಲಿ ಅವರ ಮುಖ ನೋಡೋರೂ ಇಲ್ಲ. ಜೊತೆಗೆ ಅವರು ಬೇರೆ, ಅಟ್ಟದ ಕಾಯಿಗೆ ನೀರು ಬಂದಿದೆ ಅಂತ ಹೇಳ್ತಾ ಕೂತಿದಾರೆ."

ಇಂದ್ರೇಶನ ಮೈ ಜುಮ್ಮೆಂದಿತು. ಅರಸೀಕೆರೆ ಕಡೆ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಮುಟ್ಟದೆ ಬಿಡುತ್ತಾರೆ. ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಒಳಗೇ ಉಂಡೆ ಗಿಟುಕಾಗುತ್ತದೆ. ಒಣಗಿದ ಕಾಯಿಗೆ ಮತ್ತೆ ನೀರು ಬರುವುದುಂಟೇ? ಹುಚ್ಚಿಲ್ಲದಿದ್ದರೆ ದೆವ್ವವೇ ಸೈ.

ಟೀಚರು ಸಿರಿಯ ಫೋನಿನಲ್ಲಿ ಆ ವಿಡಿಯೊವನ್ನು ಮತ್ತೆ ಮತ್ತೆ ನೋಡಿದರು. ಟಿವಿಯವರ ಹಾಗೆಯೇ ಉದಯ ಮೊದಲು ಮೇನ್ ಸ್ವಿಚ್ ಆರಿಸುತ್ತಾನೆ. ಅಡುಗೆಮನೆಯಲ್ಲಿ ಪೆಟ್ಟಿಗೆ ಎತ್ತುತ್ತಾನೆ, ಹೆಬ್ಬೆರಳು ಬಟನ್ನಿನ ಮೇಲೆ. ಏನೂ ಇಲ್ಲ. ಪೆಟ್ಟಿಗೆಗೆ ಎರಡು ಬಡಿಯುತ್ತಾನೆ. ಆಮೇಲೆ ಅತ್ತೆಯ ಕೋಣೆಗೆ ಹೋಗಿ ಹೆಬ್ಬೆರಳು ಒತ್ತುತ್ತಾನೆ, ದೀಪ ಹತ್ತುತ್ತವೆ.

"ಗಾಡಿ ತೆಗಿ ಇಂದ್ರೇಶ. ಹೊತ್ತು ಮುಳುಗೋದ್ರೊಳಗೆ ನನ್ನ ಊಟ ಆಗ್ಬೇಕು ಕಣೋ," ಎಂದರು ಟೀಚರು. ಜೈನರ ಮನೆಯವರು, ಕತ್ತಲಾದ ಮೇಲೆ ತುತ್ತು ಮುಟ್ಟುವವರಲ್ಲ. ದೆವ್ವದ ಮನೆಯಿಂದ ಬೆಳಕಿರುವಾಗಲೇ ಹೊರಡಬಹುದಲ್ಲ ಎಂದು ಇಂದ್ರೇಶ ಅವರ ಧರ್ಮಕ್ಕೆ ಮನಸ್ಸಿನಲ್ಲೇ ಕೈ ಮುಗಿದ.

ಕಲ್ಲೇಶಪ್ಪನವರ ಪಡಸಾಲೆಯಲ್ಲಿ ರುದ್ರಮ್ಮನ ಟ್ರಂಕು ಕಟ್ಟಿ ಇಟ್ಟಾಗಿತ್ತು. ಕಲ್ಲೇಶಪ್ಪನವರು ಅದರ ಕಡೆ ನೋಡದೆ ಆಚೆ ಈಚೆ ತಿರುಗುತ್ತಿದ್ದರು.

"ನಂಗೇನು ಖುಷಿಯಾ ಮೇಡಮ್ಮೋರೇ? ಊರೋರು ನಮ್ಮನೆ ನೀರು ಮುಟ್ತಿಲ್ಲ. ಮಗ ಹೆದರ್ಕೊಂಡವ್ನೆ."

ರುದ್ರಮ್ಮ ಕೋಣೆಯಲ್ಲಿ ಗೋಡೆಗೆ ಒರಗದೆ ನೆಟ್ಟಗೆ ಕೂತಿದ್ದರು. ಅಟ್ಟಕ್ಕೆ ಹತ್ತುವ ಏಣಿ ಅದೇ ಕೋಣೆಯಲ್ಲಿತ್ತು. ಗೋಡೆಯಲ್ಲಿ ಉದ್ದಕ್ಕೆ ಹೊಸ ಸಿಮೆಂಟಿನ ಗೆರೆ. ಬಿರುಕು ಬಿಟ್ಟಿತ್ತು, ಉದಯನೇ ಮೆತ್ತಿದ ಎಂದರು ರುದ್ರಮ್ಮ.

"ಗೋಡೆಗೆ ಒರಗಲ್ವಾ ರುದ್ರಮ್ಮ?" ಟೀಚರು ಕೇಳಿದರು.

"ನೆಲ ಒರೆಸುವಾಗ ಕೈ ತಾಗಿದ್ರೆ ಜುಂ ಅಂತದೆ ತಾಯಿ. ಯಾರೋ ಹಿಡ್ಕೊಂಡಂಗೆ."

"ಸದ್ದು ಯಾವಾಗ ಬರುತ್ತೆ?"

"ಅಣ್ಣ ಮನೇಲಿಲ್ದಾಗ. ಗೌರಿ ಹಬ್ಬ ಕಳೆದ ಮ್ಯಾಲೆ ಶುರುವಾಗಿದ್ದು. ಊರಿಗೇ ಕರೆಂಟು ಹೋದ್ರೆ ಮಾತ್ರ ಅದೂ ಗಪ್‌ಚಿಪ್."

"ಕರೆಂಟು ಹೋದ್ರೆ ಸುಮ್ನಾಗೋ ದೆವ್ವ!" ಟೀಚರ ಮುಖದಲ್ಲಿ ಮೊದಲ ಸಲ ನಗು ಕಂಡಿತು. "ಕಾಯಿಗೆ ನೀರು ಬಂದಿದ್ದು?"

"ನಂಗೆ ಹುಚ್ಚು ಅಂದ್ರೂ ಅಷ್ಟೇ, ಬಂದೈತೆ! ಏಣಿ ಬಾಯಲ್ಲಿರೋ ಕಾಯಿ ಅಲ್ಲಾಡ್ಸಿದ್ರೆ ನೀರು ಕುಲುಕ್ತವೆ. ನಾನೇ ಹಾಕಿದ ಕಾಯಿ, ನಂಗೆ ಗೊತ್ತಿಲ್ವಾ?"

ಅಟ್ಟ ಹತ್ತುವ ಭಾಗ್ಯ ಇಂದ್ರೇಶನ ಪಾಲಿಗೆ ಬಂತು. ಅಯ್ಯೋ ಶಿವನೇ, ಏಣಿಯ ಒಂದೊಂದು ಮೆಟ್ಟಿಲಿಗೂ ಎದೆ ಡವಡವ. ಏಣಿ ಬಾಯಿಯ ಕಾಯಿ ಅಲ್ಲಾಡಿಸಿದ, ನೀರು ಕುಲುಕಿತು. ಗೋಡೆ ಕಡೆಯದನ್ನು ಅಲ್ಲಾಡಿಸಿದ, ಒಳಗಿನ ಗಿಟುಕು ಲೊಟಲೊಟ ಅಂದಿತು. ಹೇಗೆ ಇಳಿದನೋ ಅವನಿಗೇ ತಿಳಿಯದು.

ಹಿತ್ತಿಲಲ್ಲಿ, ಆ ಗೋಡೆಗೇ ಅಂಟಿಕೊಂಡ ಶೆಡ್ಡಿಗೆ ಬೀಗ. "ಹಳೇ ಗೋಣಿಚೀಲ," ಎಂದ ಹಿಂದೆಯೇ ಬಂದ ಉದಯ. ಬಾಗಿಲ ಸಂದಿಯಲ್ಲಿ ಇರುವೆ ಸಾಲುಗಟ್ಟಿ ಒಳಗೆ ಹೋಗುತ್ತಿದ್ದವು. ಮುಂದಿನ ಕೋಣೆಯಲ್ಲಿ ಕಿರಣ್ ಫೋನು ಎತ್ತಿ ಇವರದೂ ವಿಡಿಯೊ ಮಾಡುತ್ತಿದ್ದ. ನೋಡುಗರು ಹೆಚ್ಚಲೆಂದು ಇವನೇ ಮಾಡಿದ ಕಿತಾಪತಿ ಎಂದು ಇಂದ್ರೇಶ ತೀರ್ಮಾನಿಸಿ ಟೀಚರ ಕಿವಿಯಲ್ಲಿ ಊದಿದ.

"ಅವನಿಗೆ ಎರಡು ಬೈಬೇಕು, ನಿಜ. ಎಲ್ಲರನ್ನೂ ಪಡಸಾಲೆಗೆ ಕರಿ. ಆ ಗೋಡೆ ಮಾತ್ರ ಯಾರೂ ಮುಟ್ಟಬೇಡಿ."

ಎಲ್ಲರೂ ಬಂದು ಕೂತರು. ಟೀಚರು ಮೇನ್ ಸ್ವಿಚ್ ಆರಿಸಿ ಪೆಟ್ಟಿಗೆಯನ್ನು ಉದಯನ ಕೈಗೆ ಕೊಟ್ಟರು. "ಆವತ್ತಿನ ಹಾಗೇ ಬಟನ್ ಒತ್ತಪ್ಪ."

ಒತ್ತಿದ. ಒಂದು ದೀಪವೂ ಮಿಣುಕಲಿಲ್ಲ.

"ಹತ್ತಲ್ಲ. ಆ ಬಟನ್ನಿಗೆ ಒಳಗೆ ತಂತಿಯೇ ಇಲ್ಲ. ನೀನು ಅಡುಗೆಮನೇಲೂ ಒತ್ತಿ, ಹತ್ತದೆ ಬಡಿದೆ. ಬಟನ್ ಒತ್ತಿ ದೆವ್ವ ತೋರಿಸೋಣ ಅಂತಿದ್ದೆ ಅಲ್ವಾ? ಪೆಟ್ಟಿಗೆ ನಿಜವಾಗಿ ಕೆಲಸ ಮಾಡುತ್ತೆ ಅಂತ ನಿನಗೆ ಗೊತ್ತಿರಲಿಲ್ಲ." ಟೀಚರು ಪೆಟ್ಟಿಗೆ ತೆಗೆದುಕೊಂಡು, ಬಟನ್ ಮುಟ್ಟದೆ, ರುದ್ರಮ್ಮನ ಗೋಡೆಯ ಸಿಮೆಂಟಿನ ಗೆರೆಗೆ ಹಿಡಿದರು. ಐದೂ ದೀಪ ಹತ್ತಿದವು. ಇಂದ್ರೇಶ ಎರಡು ಹೆಜ್ಜೆ ಹಿಂದೆ ಸರಿದ.

"ಹೆದರ್ಬೇಡ್ವೋ! ಮೇನ್ ಆರಿಸಿದ್ರೂ ಇಲ್ಲಿ ಕರೆಂಟಿದೆ ಅಂದ್ರೆ ಏನರ್ಥ? ಕಂಬದಿಂದ ಬರೋ ತಂತಿಗೆ, ಮೀಟರಿಗೂ ಮೊದಲೇ, ಯಾರೋ ಕನ್ನ ಹಾಕಿದಾರೆ. ಅದಕ್ಕೇ ಊರಿನ ಕರೆಂಟು ಹೋದ್ರೆ ಮಾತ್ರ ದೆವ್ವ ಸುಮ್ನಾಗೋದು." ದೀಪ ಹತ್ತಿದ ಜಾಡನ್ನೇ ಹಿಡಿದು ಟೀಚರು ಹಿತ್ತಿಲಿಗೆ ನಡೆದರು. ಉಳಿದವರು ಹಿಂದೆ. ಜಾಡು ಶೆಡ್ಡಿಗೆ ಬಂದು ನಿಂತಿತು. "ಗೋಣಿಚೀಲಕ್ಕೆ ಇಷ್ಟು ಇರುವೆ ಯಾಕೆ ಬಂದ್ವು? ಸಂದೀಲಿ ಕೊಬ್ಬರಿ ವಾಸನೆ ಬೇರೆ. ಒಳಗೆ ಕೊಬ್ಬರಿ ಪುಡಿ ಮಾಡೋ ಯಂತ್ರ ಇದೆ, ಮೋಟರಿನ ಸದ್ದು ಕೇಳದ ಹಾಗೆ ಆ ಗೋಣಿಗಳನ್ನೇ ಸುತ್ತಿರ್ಬೇಕು. ಅದು ತಿರುಗಿದಾಗ ಗೋಡೆ ಅದುರುತ್ತೆ, ಅಟ್ಟದ ತೊಲೆ ಅದುರುತ್ತೆ, ಗಿಟುಕು ಲೊಟಲೊಟ ಅನ್ನುತ್ತೆ. ಹಬ್ಬದ ಹೊತ್ತಿಗೆ ಕೊಬ್ಬರಿ ಚಿಪ್ಪು ಬಿಟ್ಟಿತು, ಯಂತ್ರಕ್ಕೂ ಕೆಲಸ ಬಂತು. ಆಗ ಸದ್ದು ಶುರುವಾಯ್ತು."

"ಪುಡಿಗೆ ಕಾಯಿ?" ಕಲ್ಲೇಶಪ್ಪನವರ ದನಿ ಒಡೆದಿತ್ತು.

"ನಿಮ್ಮ ಅಟ್ಟದ್ದೇ. ರುದ್ರಮ್ಮ ಆಚೆ ಹೋದಾಗ ಏಣಿ ಬಾಯಿಂದ ಒಣಕಾಯಿ ಇಳಿಸಿ, ಆ ಜಾಗಕ್ಕೆ ತೋಟದ ಹಸಿಕಾಯಿ ಇಟ್ಟಿದಾರೆ. ಕಾಯಿಗೆ ನೀರು ಬಂದಿದ್ದು ಹಾಗೆ. ಕಣ್ಣಿಗೆ ಅಟ್ಟ ತುಂಬಿದ್ರೆ ಸಾಕು ಅಂದ್ಕೊಂಡ ಕಳ್ಳ. ಅಲ್ಲಾಡಿಸಿ ನೋಡೋರು ಈ ಮನೇಲಿ ಒಬ್ಬರೇ, ಆ ಒಬ್ಬರನ್ನ ಹೊರಗೆ ಹಾಕಬೇಕಿತ್ತು. ಬಾಡಿಗೆಯ ಕಿರಣ್‌ಗೆ ಒಳಕೋಣೆಯ ಏಣಿ ಹತ್ತೋಕಾಗಲ್ಲ, ಗೋಡೆ ಮೆತ್ತೋಕೂ ಆಗಲ್ಲ."

ಯಾರೂ ಹೆಸರು ಹೇಳಿರಲಿಲ್ಲ. ಉದಯನ ಕೈ ಮಾತ್ರ ತಾನಾಗಿ ಸೊಂಟದ ಬೀಗದಕೈ ಮುಚ್ಚಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ!

"ಗಿಟುಕು ಪುಡಿ ಮಾಡೋದು ಬ್ಯಾಡ ಅಂತ ಅಪ್ಪ ಹಟ ಹಿಡಿದ್ರು. ನಾನೂ ಒಂದು ಉದ್ಯೋಗ ಮಾಡ್ಬೇಕಲ್ಲ? ಅತ್ತೇನ ಸ್ವಲ್ಪ ದಿನ ಅಂತ..." ಎಂದ ಉದಯ.

"ಆ ಗೋಡೆ ಇನ್ನೊಂದಿಷ್ಟು ನೆನೆದಿದ್ರೆ ನಿಮ್ಮತ್ತೆ ಹೆಣವಾಗ್ತಿದ್ರು ಕಣೋ!" ಟೀಚರು ಕಿರುಚಿದ್ದನ್ನು ಇಂದ್ರೇಶ ಅವತ್ತೇ ಕೇಳಿದ್ದು. ಉದಯ ನಿಂತಲ್ಲೇ ಕುಕ್ಕರಿಸಿದ. ಅದನ್ನು ಅವನು ಯೋಚಿಸಿಯೇ ಇರಲಿಲ್ಲ.

ಲೈನ್‌ಮ್ಯಾನ್ ಬಂದು ತಂತಿ ಕತ್ತರಿಸಿದ. ಮಗನ ಮೇಲೆ ತಾನೇ ದೂರು ಬರೆದುಕೊಡುತ್ತೇನೆಂದು ಕಲ್ಲೇಶಪ್ಪನವರು ಹೇಳಿದರು. ಆಮೇಲೆ ಟ್ರಂಕಿನ ಹಗ್ಗ ಬಿಚ್ಚಲು ಬಗ್ಗಿದರು. ರುದ್ರಮ್ಮ ಅದರ ಮೇಲೆ ಕೈ ಇಟ್ಟರು.

"ದೆವ್ವ ಇಲ್ಲ ಅಂತ ಗೊತ್ತಾಯ್ತು, ಅದ್ಕೆ ಇರು ಅಂತೀಯ. ಇದ್ದಿದ್ರೆ ಕಳಿಸ್ತಿದ್ದೆ ಅಲ್ವೇನಣ್ಣ?"

ಕಲ್ಲೇಶಪ್ಪನವರು ಹಗ್ಗ ಬಿಟ್ಟು ಎದ್ದು ನಿಂತರು.

"ಗೌರಿ ಹಬ್ಬಕ್ಕೆ ಊರ ಹೆಣ್ಮಕ್ಕಳನ್ನೆಲ್ಲ ಅಣ್ಣತಮ್ಮಂದಿರು ಹೋಗಿ ಕರ್ಕೊಂಡು ಬತ್ತಾರೆ. ಇಪ್ಪತ್ತು ವರ್ಷದಲ್ಲಿ ನನ್ನ ಯಾರೂ ಕರೀಲಿಲ್ಲ, ಇಲ್ಲೇ ಬಿದ್ದಿದ್ನಲ್ಲ. ಈ ತಾಯಿ ಮನೇಗೆ ಹೋಗಿರ್ತೀನಿ. ಬೇಕು ಅನ್ನಿಸಿದ್ರೆ ಹಳೇಬೀಡಿಗೆ ಬಂದು ಕರಿ."

ಟೀಚರು ಟ್ರಂಕು ಗಾಡಿಗೆ ಹಾಕಲು ಸನ್ನೆ ಮಾಡಿದರು. ಇಂದ್ರೇಶ ಅದನ್ನು ಹೊತ್ತು ತಂದ. ಹೆಂಗಸರು ಹಿಂದೆ ಕೂತರು, ಸಿರಿ ಪೆಟ್ಟಿಗೆ ಹಿಡಿದು ಪಕ್ಕದಲ್ಲಿ. ಇನ್ನೇನು ಗಾಡಿ ಹೊರಡಬೇಕು, ಮುಂದಿನ ಬಾಗಿಲು ತೆರೆಯಿತು. ಕಲ್ಲೇಶಪ್ಪನವರು ಹೆಗಲ ಟವೆಲು ಕೊಡವಿ ಇಂದ್ರೇಶನ ಪಕ್ಕ ಹತ್ತಿ ಕೂತರು.

"ನಡಿಯಪ್ಪ. ಹಳೇಬೀಡಿಗೆ ಬಂದು ಕರೀಬೇಕಂತೆ."

ಹಿಂದಿನಿಂದ ರುದ್ರಮ್ಮನ ದನಿ ಬಂತು.

"ಬರಿಗಾಲಲ್ಲಿ ಬಂದಿದೀಯಲ್ಲೋ ಅಣ್ಣ. ಹೋಗು, ಚಪ್ಪಲಿ ಮೆಟ್ಕೊಂಡು ಬಾ."

ಕಲ್ಲೇಶಪ್ಪನವರು ಇಳಿದು ಒಳಗೆ ಹೋದರು. ಟೀಚರ ಊಟಕ್ಕೆ ಹೊತ್ತಾಗುತ್ತಿದ್ದರೂ ಇಂದ್ರೇಶ ಹಾರ್ನ್ ಹೊಡೆಯದೆ ಕಾದ.