ಉಬ್ಬರ ಬರುವ ಮುನ್ನ

"ಅಲುಗಾಡಿದ್ರೆ ಕತ್ತು ಹೋಗುತ್ತೆ!"

ಮೀನು ಸೀಳುವ ಚೂರಿಯನ್ನು ಎಬ್ಬಾ ಅವನ ಗಂಟಲಿಗೆ ಒತ್ತಿ ಹಿಡಿದಿದ್ದಳು. ಎಸೆಕ್ಸ್ ತೀರದ ಅಳಿವೆಯಲ್ಲಿ, ಅವಳಪ್ಪ ಉಪ್ಪು ಕಾಯಿಸುವ ಗುಡಿಸಲಿನ ಬಾಗಿಲಿಗೆ ಬಂದು ನಿಂತಿದ್ದ ಆ ಅಪರಿಚಿತನ ಮಾತಿನಲ್ಲಿ, ಕಡಲಾಚೆಯಿಂದ ಸುಲಿಗೆಗೆ ಬರುವ ಡೇನರ ರಾಗವಿತ್ತು. ಅದೇ ರಾಗದಲ್ಲಿ ಅರಚುತ್ತಾ ಹಡಗಿನಿಂದ ಇಳಿದವರು ಅವಳಣ್ಣನನ್ನು ಕಡಿದು ಹಾಕಿದ್ದರು...

"ಕೆಲಸ ಕೇಳೋಕೆ ಬಂದೆ ಕಣೇ ತಾಯಿ, ಕತ್ತು ಕೊಡೋಕಲ್ಲ!" ಎಂದ ಅವನು. "ಅಮ್ಮ ಡೇನ್, ಅಪ್ಪ ನಿಮ್ಮವನೇ. ನನ್ನ ಹೆಸರು ಓರ್ಮ್."

ಅಪ್ಪ ಕೆಲಸ ಕೊಟ್ಟ. ಎಬ್ಬಾ ಬೇಸಿಗೆಯಿಡೀ ಓರ್ಮ್‌ನ ಮೇಲೆ ಕಣ್ಣಿಟ್ಟಳು. ಕಾವಲಿಗೆಂದು ಇಟ್ಟ ಕಣ್ಣು ಯಾವಾಗ ಸೋತಿತೋ, ಅವಳಿಗೇ ತಿಳಿಯಲಿಲ್ಲ!

ಬಾರ್ಲಿ ಕೊಯ್ಲು ಮುಗಿಯುವ ಹೊತ್ತಿಗೆ ಉತ್ತರದ ಗುಡ್ಡದ ಮೇಲೆ ಎಚ್ಚರಿಕೆಯ ಹೊಗೆ ಎದ್ದಿತು. ಡೇನರ ಹಡಗುಗಳು!

ಊರಿನ ಗಂಡಸರೆಲ್ಲ ಈಟಿ ಹಿಡಿದು ದಿಬ್ಬದ ಮೇಲೆ ಸೇರಿದರು. ಓರ್ಮ್‌ನ ಕೈಗೆ ಮಾತ್ರ ಯಾರೂ ಈಟಿ ಕೊಡಲಿಲ್ಲ.

ಮರುದಿನ ಬೆಳಗಿನ ಮಂಜಿನಲ್ಲಿ ಎಬ್ಬಾ ಕಂಡದ್ದೇನು? ಇಳಿತದ ಹೊತ್ತಿಗೆ ಕೆಸರಿನಲ್ಲಿ ಗಟ್ಟಿ ದಾರಿ ತೋರಿಸುವ ಕೋಲುಗಳನ್ನು ಓರ್ಮ್ ಒಂದೊಂದಾಗಿ ಕಿತ್ತು ಬೇರೆಡೆ ನೆಡುತ್ತಿದ್ದ!

ಅಯ್ಯೋ... ಅವರಿಗೆ ದಾರಿ ಮಾಡಿಕೊಡ್ತಿದ್ದಾನಾ?

ಕೇಳಲಿಲ್ಲ. ಓಡಿದಳು. ದಂಡಿನ ಮುಖಂಡ ವಿಸ್ತಾನ್‌ಗೆ ಹೇಳಿಬಿಟ್ಟಳು.

ಓರ್ಮ್‌ನನ್ನು ದಿಬ್ಬಕ್ಕೆ ಎಳೆದು ತಂದರು.

"ಕೋಲು ನೆಟ್ಟಿರೋದು ಆಳದ ಕೆಸರಲ್ಲಿ! ಅದನ್ನ ನಂಬಿ ಬಂದೋರು ಮುಳುಗ್ತಾರೆ."

"ಮೊದಲೇ ಯಾಕೋ ಹೇಳಲಿಲ್ಲ, ಡೇನಿನ ಮರಿ?" ವಿಸ್ತಾನ್ ಗದರಿದ.

"ಹೇಳಿದ್ರೆ ನಂಬ್ತಿದ್ರಾ?"

ವಿಸ್ತಾನ್ ಎಬ್ಬಾಳತ್ತ ತಿರುಗಿದ. "ಬೇಸಿಗೆಯಿಡೀ ನೋಡಿದೋಳು ನೀನು. ಇವನನ್ನ ನಂಬಬಹುದಾ, ಹೇಳು."

ಓರ್ಮ್ ಅವಳನ್ನೇ ನೋಡಿದ. ಹೌದು ಅನ್ನು ಎಬ್ಬಾ... ಒಂದೇ ಮಾತು! ಅವಳೆದೆ ಕೂಗುತ್ತಿತ್ತು. ಆದರೆ ಕಣ್ಣೆದುರು ಅಣ್ಣನ ಹೆಣ ಬಂದು ನಿಂತಿತು. ನಾಲಿಗೆ ಏಳಲೇ ಇಲ್ಲ.

"ಗೂಟಕ್ಕೆ ಕಟ್ಟಿ. ಸುಳ್ಳಾದ್ರೆ ಮೊದಲು ಸಾಯೋನು ಇವನೇ!" ಎಂದ ವಿಸ್ತಾನ್.

ಕಾಗೆಗಳ ಸದ್ದು ಕೂಡ ಅಡಗಿತ್ತು. ಮಂಜಿನೊಳಗಿಂದ ಕೊಂಬಿನ ದನಿ ಬಂತು. ಹಿಂದೆಯೇ ಗುರಾಣಿಗೆ ಕೊಡಲಿ ಬಡಿಯುವ ಸದ್ದು... ಹತ್ತಿರ... ಇನ್ನೂ ಹತ್ತಿರ...

ಹಡಗಿನಿಂದ ಇಳಿದವರು ಕೋಲುಗಳ ಗುಂಟ ಸಾಲಾಗಿ ನಡೆದರು. ಮುಂದಿದ್ದವನು ಮೊಣಕಾಲವರೆಗೆ ಇಳಿದ. ಆಮೇಲೆ ಸೊಂಟದವರೆಗೆ. ಹಿಂದಿನವರು ತಿರುಗುವಷ್ಟರಲ್ಲಿ ಉಬ್ಬರದ ನೀರು ಬೂದು ಹಾವಿನಂತೆ ಹರಿದು ಬಂತು. ಉಕ್ಕಿನ ಅಂಗಿಗಳು ಅವರನ್ನೇ ಕೆಳಗೆ ಎಳೆದವು. ಆ ಕೂಗು!

ಗೂಟದಲ್ಲಿದ್ದ ಓರ್ಮ್ ಕಣ್ಣು ಮುಚ್ಚಿದ್ದ. ಕೆನ್ನೆ ತೊಯ್ದಿತ್ತು. ಅವರ ಕೂಗಿನಲ್ಲಿದ್ದದ್ದು ಅವನ ತಾಯಿಯ ಭಾಷೆ.

ಎಬ್ಬಾಳ ಎದೆ ಒಡೆಯಿತು. ನಿಜ ಹೇಳಿದ್ದ... ನಾನೇ ಕಟ್ಟಿಸಿದೆ!

ಪಾರಾದ ಕೆಲವರು ದಿಬ್ಬ ಹತ್ತಿ ಬಂದೇ ಬಿಟ್ಟರು. ಈಟಿ, ಕೊಡಲಿ, ರಕ್ತ! ಒಬ್ಬ ನೇರವಾಗಿ ಗೂಟದತ್ತ ನುಗ್ಗಿದ. ಅವನಿಗಿಂತ ಮುಂಚೆ ಎಬ್ಬಾ ಅಲ್ಲಿ ತಲುಪಿ ಹಗ್ಗ ಕೊಯ್ದಳು. ಬೀಸಿದ ಕೊಡಲಿ ಅವಳ ಭುಜ ಸವರಿ ಹೋಯಿತು. ನೆಲಕ್ಕೆ ಬಿದ್ದಿದ್ದ ಈಟಿ ಎತ್ತಿ ಓರ್ಮ್ ಅವನನ್ನು ತಿವಿದ...

ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ವಿಸ್ತಾನ್ ಸತ್ತಿದ್ದ. ನೀರಿನ ಮೇಲೆ ಗುರಾಣಿಗಳು ತೇಲುತ್ತಿದ್ದವು. ದೂರದಲ್ಲಿ, ಇನ್ನಾವುದೋ ಊರಿನಿಂದ ಕಪ್ಪು ಹೊಗೆ ಏಳುತ್ತಲೇ ಇತ್ತು.

ಓರ್ಮ್ ಅವಳ ಭುಜಕ್ಕೆ ಬಟ್ಟೆ ಸುತ್ತುತ್ತಿದ್ದ.

"ಯಾಕೆ ಸುಮ್ಮನಿದ್ದೆ ಎಬ್ಬಾ?"

"ಹೆದರಿದೆ... ನಿನಗಲ್ಲ. ನಿನ್ನನ್ನ ಪ್ರೀತಿಸಿಬಿಟ್ಟಿದ್ದೆ ಅನ್ನೋದಕ್ಕೆ!" ಅವಳು ಬಿಕ್ಕಿದಳು. "ಕ್ಷಮಿಸ್ತೀಯಾ?"

ಅವನು ದೂರದ ಹೊಗೆಯತ್ತ ಕೈ ತೋರಿಸಿದ. "ಅವರು ಮತ್ತೆ ಬರ್ತಾರೆ. ಊರವರು ಮತ್ತೆ ನನ್ನ ಮೇಲೇ ಅನುಮಾನ ಪಡ್ತಾರೆ."

"ಪಡಲಿ. ನೀನು ಹೋಗಬೇಡ."

"ಮುಂದಿನ ಸಲ ಮೊದಲು ನನ್ನ ಕೇಳ್ತೀಯಾ?"

"ಮೊದಲು ಬೈತೀನಿ... ಆಮೇಲೆ ಕೇಳ್ತೀನಿ."

ಓರ್ಮ್ ಅವಳ ಹಣೆಗೆ ಹಣೆ ಒತ್ತಿದ. "ಅಷ್ಟು ಸಾಕು ಕಣೇ," ಎಂದ.