ತಾಯಿಗೆರೆ

ಅಂಗೈಯಗಲದ ತಳಿಗನ್ನಡಿಯನ್ನು ತಳಿಕೇಂದ್ರದ ಡಾ. ಶಕೀಲಾ ನದಾಫ್ ಕುರಿಯ ಕಿವಿಯ ಒಳಮೈಗೆ ಒತ್ತಿದರು. ಕುರಿ ಒಮ್ಮೆ ತಲೆ ಕೊಡವಿತು, ಅಷ್ಟರಲ್ಲಿ ಕೆಲಸ ಮುಗಿದಿತ್ತು. ಗಾಜಿನ ಮೇಲೆ ಅದರ ತಾಯಿ, ಅಜ್ಜಿ, ಮುತ್ತಜ್ಜಿಯರ ಸಾಲು ಹಸಿರು ಬಳ್ಳಿಯಾಗಿ ಹಬ್ಬಿತು. ಪಕ್ಕದಲ್ಲಿ, ಅದು ಮುಂದೆ ಈಯುವ ಮರಿ ವರ್ಷ ತುಂಬುವಾಗ ಎಷ್ಟು ತೂಗೀತು ಎಂಬ ಅಂದಾಜು ಮೂಡಿತು.

"ಹೊಟ್ಯಾಗ ಇನ್ನೂ ಮರೀನ ಇಲ್ಲ, ತೂಕ ಬಂತಲ್ರಿ!" ಎಂದು ಕುರಿಗಳ ಒಡೆಯ ಮಾಳಪ್ಪ ನಕ್ಕ.

ಇಪ್ಪತ್ತೊಂದನೆಯ ಶತಮಾನ ಅರ್ಧ ಕಳೆದಿದ್ದ ಕಾಲ ಅದು. ತಳಿಗನ್ನಡಿ ಬರುವ ಮೊದಲು ಕುಷ್ಟಗಿ ಸೀಮೆಯ ಕುರಿಗಾರರು ಕೊಂಬು, ಬೆನ್ನು, ನಡಿಗೆ ನೋಡಿ ಟಗರನ್ನು ಆರಿಸುತ್ತಿದ್ದರು. ತಳಿಗನ್ನಡಿ ಚರ್ಮದ ಒಂದು ಕಣದಿಂದ ವಂಶಾಕ್ಷರಗಳನ್ನು ಓದುತ್ತಿತ್ತು. ಓದಿದ್ದನ್ನು ಮೂರು ರಾಜ್ಯಗಳ ಹಿಂಡುಗಳ ಕೂಡುದಾಖಲೆಯೊಡನೆ ಹೋಲಿಸುತ್ತಿತ್ತು. ಯಾವ ಮರಿ ಯಾವಾಗ ಹುಟ್ಟಿತು, ಎಷ್ಟು ತೂಗಿತು, ಯಾವ ಬೇನೆಗೆ ಬಿತ್ತು, ಎಲ್ಲವೂ ಆ ದಾಖಲೆಯಲ್ಲಿತ್ತು. ಅದನ್ನು ನಂಬಿ ಮಾಳಪ್ಪ ತನ್ನ ಗಿಡ್ಡ ಕರಿ ಕುರಿಗಳಿಗೆ ಎತ್ತರದ ಮಾಡಗ್ಯಾಳ ತಳಿಯ ಟಗರನ್ನು ಕೂಡಿಸಿದ್ದ. ಹುಟ್ಟಿದ ಮರಿಗಳಿಗೆ ತಾಯಿಯ ಗಟ್ಟಿತನವೂ ತಂದೆಯ ಮೈಕಟ್ಟೂ ಬಂದಿದ್ದವು. ಸಂತೆಗೆ ಹೊಡೆದುಕೊಂಡು ಹೋಗುವ ಕೆಲಸವೇ ಉಳಿದಿರಲಿಲ್ಲ. ಮಾಂಸದ ವ್ಯಾಪಾರಿಗಳು ಅವನ ದೊಡ್ಡಿಗೇ ಬಂದು ನಿಲ್ಲುತ್ತಿದ್ದರು.

ಈಗ ಆ ಟಗರಿನ ಹೆಣ್ಣು ಮರಿಗಳು ಬೆದೆಗೆ ಬಂದಿದ್ದವು. ತಂದೆಯನ್ನೇ ಮಕ್ಕಳಿಗೆ ಬಿಟ್ಟರೆ ಪೀಚು ಮರಿಗಳು ಹುಟ್ಟಿ, ಮಾಡಿದ್ದೆಲ್ಲ ಹಾಳು. ಹೊಸ ಟಗರು ಬೇಕಿತ್ತು.

ಶಕೀಲಾ ಕನ್ನಡಿಗೆ ಹುಡುಕಲು ಆಜ್ಞೆ ಕೊಟ್ಟರು. ಗಾಜಿನ ಮೇಲೆ ಸೊಲ್ಲಾಪುರದ ಆಚೆಯ ಟಗರೊಂದರ ಚಿತ್ರ ಬಂತು. ಉಬ್ಬಿದ ಮೂಗು, ಅಗಲ ಎದೆ, ಕಂಬದಂಥ ಕಾಲು. ಮೂರು ರಾಜ್ಯಗಳಲ್ಲೇ ಮೈ ತುಂಬಿಕೊಳ್ಳುವುದರಲ್ಲಿ ಮೊದಲನೆಯದು.

"ಇದನ್ನ ಕೊಡಸ್ರಿ ಡಾಕ್ಟರಮ್ಮ! ಆನಿ ಇದ್ದಾಂಗ ಐತಿ!" ಮಾಳಪ್ಪ ಕೂತಲ್ಲಿಂದ ಎದ್ದೇಬಿಟ್ಟ.

ಆದರೆ ಚಿತ್ರದ ಸುತ್ತ ಕೆಂಪು ಗೆರೆ ಮೂಡಿತು. ಶಕೀಲಾ ಹುಬ್ಬು ಗಂಟಿಕ್ಕಿದರು. "ಇದು ಬ್ಯಾಡ ಅನ್ನಾಕತ್ತೈತಿ ಮಾಳಪ್ಪ. ನಿಮ್ಮ ಕುರಿಗೂ ಇದಕ್ಕೂ ರಕ್ತಸಂಬಂಧ ಐತಂತ."

"ಎಲ್ಲಿಯ ಸೊಲ್ಲಾಪುರ, ಎಲ್ಲಿಯ ನನ್ನ ದೊಡ್ಡಿ! ನಿಮ್ಮ ಕನ್ನಡಿಗೆ ತಲಿ ಕೆಟ್ಟೈತಿ."

"ಕೆಟ್ಟಿಲ್ಲ, ನೋಡ್ರಿ." ಶಕೀಲಾ ಅವನ ಪಕ್ಕ ಕಂಬಳಿಯ ಮೇಲೆ ಕುಳಿತರು. "ಪ್ರತಿ ಮರಿಗೂ ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬರತೈತಿ. ಆದರ ಒಂದು ಎಳೆ ಮಾತ್ರ ತಾಯಿಯಿಂದನ ಬರತೈತಿ. ಅಪ್ಪ ಯಾರಾದರೂ ಆಗಲಿ, ಅದು ಬದಲಾಗೂದಿಲ್ಲ. ನಾವದಕ್ಕ ತಾಯಿಗೆರೆ ಅಂತೀವಿ. ನಿಮ್ಮ ಕುರಿಗಳ ತಾಯಿಗೆರೆಯೊಳಗ ಒಂದು ವಿಚಿತ್ರ ಗುರುತೈತಿ. ಬ್ಯಾರೆ ಯಾವ ಹಿಂಡಿನಾಗೂ ಅದು ಇಲ್ಲ. ಈ ಟಗರಿನ ಹಿಂಡಿನಾಗ ಐತಿ. ನಿಮ್ಮಪ್ಪ ಆ ಕಡೆ ಯಾರಿಗಾದರೂ ಹೆಣ್ಣು ಕುರಿ ಮಾರಿದ್ರೇನು?"

"ನಮ್ಮಪ್ಪ ಹೆಣ್ಣು ಕುರಿ ಮಾರಿದಾಂವಲ್ಲ." ಹೇಳುತ್ತಿದ್ದಂತೆ ಮಾಳಪ್ಪನ ದನಿ ಇಳಿಯಿತು.

ಅವನಿಗೊಬ್ಬಳು ಅಕ್ಕ ಇದ್ದಳು, ಹಾಲವ್ವ. ಇಪ್ಪತ್ತೈದು ವರ್ಷದ ಹಿಂದೆ ಬೇರೆ ಜಾತಿಯ ಕುರಿಗಾರನನ್ನು ಮೆಚ್ಚಿ ಮದುವೆಯಾದಳು. "ನನ್ನ ಪಾಲಿಗೆ ನೀ ಸತ್ತಿ" ಎಂದು ಅಪ್ಪ ಬಾಗಿಲು ಹಾಕಿಕೊಂಡ. ಹಾಲವ್ವ, ಹುಟ್ಟಿದಾಗಿನಿಂದ ತನ್ನ ಹೆಸರಿಗೇ ಇದ್ದ ಕುರಿಗಳನ್ನು ಹೊಡೆದುಕೊಂಡು ಗಂಡನ ಹಿಂದೆ ಹೋದಳು. ಆ ಮಳೆಗಾಲವೇ ಭೀಮಾ ನದಿ ಉಕ್ಕಿತು. ದಂಡೆಯ ಮೇಲೆ ಬೀಡು ಬಿಟ್ಟಿದ್ದ ಕುರಿಗಾರರೆಲ್ಲ ಕೊಚ್ಚಿಹೋದರೆಂದು ಸುದ್ದಿ ಬಂತು. ಬಾಗಿಲು ಹಾಕಿಕೊಂಡ ಅದೇ ಅಪ್ಪ ಮಗಳ ಹೆಸರಿನಲ್ಲಿ ಎಳ್ಳುನೀರು ಬಿಟ್ಟು, ಎದೆ ಬಡಿದುಕೊಂಡು ಅತ್ತಿದ್ದ.

ಮಾಳಪ್ಪ ಇದನ್ನೆಲ್ಲ ತಡೆತಡೆದು ಹೇಳಿದ. "ತೇಲಿಹೋದ ಕುರಿ ಯಾರಿಗೋ ಸಿಕ್ಕಿರಬೇಕ್ರಿ" ಎಂದು ಮುಗಿಸಿದ.

ಶಕೀಲಾರ ಬೆರಳುಗಳು ಗಾಜಿನ ಮೇಲೆ ಸರಸರನೆ ಓಡುತ್ತಿದ್ದವು. ಒಂದಾದ ಮೇಲೊಂದು ಬಳ್ಳಿ ತೆರೆದುಕೊಂಡಿತು. ಆಮೇಲೆ ತಲೆ ಎತ್ತಿದಾಗ ಅವರ ಕಣ್ಣು ಹೊಳೆಯುತ್ತಿತ್ತು.

"ಹಂಗ ಸಿಕ್ಕಿದ್ದರ ಹತ್ತು ಹಿಂಡಿಗೆ ಚದುರಿ ಹೋಗತಿದ್ವು, ಮಾಳಪ್ಪ. ಇಲ್ಲಿ ನೋಡ್ರಿ, ಎಲ್ಲಾ ಒಂದ ಹಿಂಡಿನಾಗ ಅದಾವ. ಅಲ್ಲಿಯ ಒಂದೊಂದು ಕುರಿಯ ತಾಯಿಗೆರೀನೂ ನಿಮ್ಮ ದೊಡ್ಡಿಗೇ ಬಂದು ಮುಟ್ಟತೈತಿ. ಯಾರೋ ಒಬ್ಬರು ಇವನ್ನ ಹೊಳಿಯಿಂದ ಪಾರು ಮಾಡಿ, ಅಗಲಿಸದ ಸಾಕ್ಯಾರ!"

ಮಾಳಪ್ಪ ಗಾಜಿನತ್ತ ಬಾಗಿದ. "ಯಾರ ಹಿಂಡ್ರಿ ಅದು?"

ಒಡೆಯರ ಹೆಸರು ತೋರಿಸಬಾರದೆಂದು ಕೂಡುದಾಖಲೆಯ ನಿಯಮ. ಆದರೆ ಟಗರು ಕೊಳ್ಳಬೇಕೆಂದು ಕೇಳಿಕೆ ಕಳಿಸಬಹುದಿತ್ತು. ಶಕೀಲಾ ಮಾಳಪ್ಪನ ಸಂಖ್ಯೆ ಸೇರಿಸಿ ಕಳಿಸಿದರು. ಅವನ ಹೆಂಡತಿ ರುಕ್ಮವ್ವ ರೊಟ್ಟಿ ತಂದಿಟ್ಟಳು, ಯಾರೂ ಮುಟ್ಟಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಮಾಳಪ್ಪನ ಫೋನು ರಿಂಗಣಿಸಿತು.

ಮರಾಠಿ ಬೆರೆತ ಹೆಂಗಸಿನ ದನಿ. "ಟಗರು ನಿಮಗ ಬೇಕಾಗೇದೇನು? ಮಾರೂ ವಿಚಾರ ಇಲ್ಲ ನಮ್ಮದು."

ಕೇಳಬೇಕೆಂದುಕೊಂಡದ್ದೆಲ್ಲ ಮಾಳಪ್ಪನಿಗೆ ಮರೆತುಹೋಯಿತು. "ಹಾಲಕ್ಕಾ?" ಎಂದ.

ಆ ಕಡೆ ದೂರದಲ್ಲಿ ಕುರಿಗಳು ಅರಚುವುದಷ್ಟೇ ಕೇಳುತ್ತಿತ್ತು. ಆಮೇಲೆ ದನಿ ಬಂತು, ಈ ಸಲ ಮರಾಠಿಯ ಸೋಂಕಿಲ್ಲದೆ. "ಊರೆಲ್ಲ ನನ್ನ ಹಾಲವ್ವ ಅಂತಿತ್ತು. ಹಾಲಕ್ಕ ಅನ್ನಾಂವ ಒಬ್ಬನ ಇದ್ದ. ಮಾಳ್ಯಾ ಏನೋ ನೀ?"

ರುಕ್ಮವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಮಾಳಪ್ಪ ಹಸುಗೂಸಿನಂತೆ ಅಳುತ್ತಿದ್ದ. "ಹೊಳಿಯಾಗ ಹೋದಿ ಅಂದ್ರಲ್ಲಬೇ ಎಲ್ಲಾರೂ!"

"ಹೋಗೂವಾಕೀನ. ಕುರಿ ಈಜಿದ್ವು, ಅವುಗಳ ಮೈಯ ಉಣ್ಣೆ ಹಿಡಕೊಂಡು ನಾವಿಬ್ಬರೂ ಗಂಡ ಹೆಂಡ್ತಿ ದಡ ಸೇರಿದ್ವಿ. ಅಪ್ಪ ಬಾಗಿಲು ತಗೀತಾನೋ ಇಲ್ಲೋ ಅಂತ ಆಮ್ಯಾಲ ಬರಲಿಲ್ಲ. ಹ್ಯಾಂಗ ಅದಾನ ಅಪ್ಪ?"

ಅಪ್ಪ ಇಲ್ಲ ಎಂಬುದನ್ನೂ, ಅವಳಿಗಾಗಿ ಅತ್ತಿದ್ದನೆಂಬುದನ್ನೂ ಮಾಳಪ್ಪ ಹೇಳಿದ. ಆಗ ಅವಳು ಅತ್ತಳು.

ವಾರ ಕಳೆಯುವುದರೊಳಗೆ ಹಾಲವ್ವ ಗಂಡ, ಮಕ್ಕಳೊಡನೆ ಲಾರಿಯಲ್ಲಿ ಬಂದಿಳಿದಳು. ಜೊತೆಗೆ ಆ ಟಗರೂ ಇತ್ತು. "ತವರಿಗೆ ಬರಿಗೈಲೆ ಬರಲೇನು?" ಎಂದು ಹಗ್ಗವನ್ನು ತಮ್ಮನ ಕೈಗೆ ಕೊಟ್ಟಳು. ಅದನ್ನು ಹಿಂಡಿಗೆ ಬಿಡಬಾರದೆಂದು ಶಕೀಲಾ ಕೈಮುಗಿದು ಬೇಡಿಕೊಂಡರು. ಮಾಳಪ್ಪ ದೊಡ್ಡಿಯ ಆಚೆ ಅದಕ್ಕೊಂದು ಬೇರೆ ಗೂಟ ಹೊಡೆದ. ಮೂರು ರಾಜ್ಯಗಳ ಅತ್ಯುತ್ತಮ ಟಗರು ಅಲ್ಲಿ ಯಾವ ಕೆಲಸವೂ ಇಲ್ಲದೆ ಕಡಲೆ ಹೊಟ್ಟು ಮೇಯುತ್ತ ನಿಂತಿತು.

ತಳಿಗನ್ನಡಿ ಗದಗಿನ ಕಡೆಯ ಬೇರೊಂದು ಟಗರನ್ನು ಹುಡುಕಿಕೊಟ್ಟಿತು. ಅದನ್ನು ತರಲು ಮಾಳಪ್ಪ ತಳಿಕೇಂದ್ರಕ್ಕೆ ಹೋದಾಗ ಬಾಗಿಲಲ್ಲಿ ಜನ ತುಂಬಿದ್ದರು. ಶಕೀಲಾ ಬೆವರು ಒರೆಸಿಕೊಳ್ಳುತ್ತ ಒಬ್ಬ ಮುದುಕಿಯ ಕಂಕುಳಲ್ಲಿದ್ದ ಬಡಕಲು ಕುರಿಯ ಕಿವಿಗೆ ಕನ್ನಡಿ ಒತ್ತಿ, "ಇದರ ಮರಿ ತೂಕ ಬರೂದು ಕಷ್ಟ ಐತಿ, ಅವ್ವ" ಎಂದರು.

"ತೂಕ ಯಾರಿಗೆ ಬೇಕಾಗೇತಿ ತಾಯಿ" ಎಂದಳು ಮುದುಕಿ. "ನನ್ನ ಮಗಳಿಗೆ ಇದರ ಅಜ್ಜಿನ್ನ ಬಳುವಳಿ ಕೊಟ್ಟಿದ್ದೆ. ಈಗ ಆಕಿ ಎಲ್ಲದಾಳ, ಅಷ್ಟು ನೋಡಿ ಹೇಳು."